ಮೂರು ಗೆದ್ದ ನಾಲ್ವರು

ಹದಿನಾರು ಜನರನ್ನು ಸ್ವಿಸ್ ಪದ್ಧತಿಯಲ್ಲಿ, ಅಂದರೆ ಪ್ರತಿ ಸುತ್ತಿನಲ್ಲೂ ಸಮ ಗೆಲುವು ಇರುವವರನ್ನೇ ಎದುರುಬದುರು ಕೂರಿಸಿ, ನಾಲ್ಕು ಸುತ್ತು ದಾಳದ ಮಣೆಯಾಟವಾದ ಬ್ಯಾಕ್‌ಗ್ಯಾಮನ್ ಆಡಿಸಿದರೆ ಕೊನೆಗೆ ಯಾರ ಕೈಯಲ್ಲಿ ಎಷ್ಟು ಗೆಲುವು ಇರುತ್ತದೆ ಎಂಬುದನ್ನು ಒಂದು ದಾಳವನ್ನೂ ಉರುಳಿಸದೆ ಹೇಳಬಹುದು. ನಾಲ್ಕನ್ನೂ ಗೆದ್ದವರು ಒಬ್ಬರು. ಮೂರು ಗೆದ್ದವರು ನಾಲ್ವರು. ಎರಡು ಗೆದ್ದವರು ಆರು ಮಂದಿ, ಒಂದು ಗೆದ್ದವರು ನಾಲ್ವರು, ಒಂದನ್ನೂ ಗೆಲ್ಲದವರು ಒಬ್ಬರು. ಆಟಗಾರರು ಎಷ್ಟೇ ಜಾಣರಿರಲಿ, ದಾಳ ಯಾರಿಗೇ ಒಲಿಯಲಿ, ಈ ಲೆಕ್ಕ ಕದಲುವುದಿಲ್ಲ: 1, 4, 6, 4, 1. ಪಿಂಗಳನ ಛಂದಃಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಹಲಾಯುಧ ಲಘು ಗುರುಗಳನ್ನು ಎಣಿಸಲು ವಿವರಿಸಿದ ಮೇರು ಪ್ರಸ್ತಾರ ಎಂಬ ಅಂಕಿಗಳ ತ್ರಿಕೋನದಲ್ಲಿ ಇದೇ ಸಾಲು ಇದೆ. ಬ್ಯಾಕ್‌ಗ್ಯಾಮನ್‌ನಲ್ಲಿ ಡ್ರಾ ಇಲ್ಲ. ಸೋಲು, ಗೆಲುವು ಎರಡೇ. ಹಾಗಾಗಿ ಲೆಕ್ಕವೂ ಲಘು ಗುರುಗಳ ಲೆಕ್ಕವೇ.

ಇದು ಗೊತ್ತಿದ್ದೂ ನಾವು ಬೋರ್ಡಿನ ಮೇಲೆ ಮೊದಲನೆಯ ಬಹುಮಾನ, ಎರಡನೆಯದು, ಮೂರನೆಯದು ಎಂದು ಬರೆಯುತ್ತೇವೆ. ಒಬ್ಬರಿಗೆ ಮೊದಲನೆಯದು ಹೋಯಿತು, ಸರಿ. ಉಳಿದ ಎರಡು ಬಹುಮಾನಕ್ಕೆ ಮೂರು ಗೆದ್ದ ನಾಲ್ವರು ನಿಂತಿರುತ್ತಾರೆ. ಇಬ್ಬರ ಹೆಸರು ಕರೆದು, ಇಬ್ಬರನ್ನು ಬರಿಗೈಯಲ್ಲಿ ಕಳಿಸುವುದು ಟೂರ್ನಿ ಶುರುವಾಗುವ ಮೊದಲೇ ನಿಶ್ಚಯವಾಗಿರುತ್ತದೆ. ಟೈ ಆಯಿತು ಎಂದು ಸಂಜೆ ಹೊತ್ತು ಎಲ್ಲರೂ ಆಶ್ಚರ್ಯಪಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನಮ್ಮಲ್ಲಿ ಈ ಆಟ ಬೇರೂರಿದ್ದು ಮಳೆಯಿಂದ. ಕೊಡಗಿನ ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮದುವೆಯಂಥ ಶುಭಕಾರ್ಯಗಳಿಲ್ಲ. ಗದ್ದೆಯಲ್ಲಿ ನಾಟಿ ಇದ್ದವರಿಗೆ ಬಿಡುವಿಲ್ಲ, ಬರೀ ಕಾಫಿ ಇದ್ದವರು ಜಡಿಮಳೆ ನೋಡುತ್ತ ಕೂರಬೇಕು. ಗಲ್ಫಿನಲ್ಲಿ ದುಡಿದು ಬಂದ ಗೆಳೆಯರೊಬ್ಬರು ಅಲ್ಲಿ ತಾವ್ಲಾ ಎಂದು ಕರೆಯುವ ಈ ಆಟದ ಮಣೆಯನ್ನು ತಂದಿದ್ದರು. ಚೌಕಾಬಾರ, ಪಗಡೆ ಆಡಿ ಬೆಳೆದವರಿಗೆ ಅದು ಹೊಸದೆನಿಸಲೇ ಇಲ್ಲ. ಇಪ್ಪತ್ತನಾಲ್ಕು ಮನೆ, ತಲಾ ಹದಿನೈದು ಕಾಯಿ, ಎರಡು ದಾಳ. ಒಂಟಿ ಕಾಯಿ ಸಿಕ್ಕರೆ ಹೊಡೆಯುವುದು, ಎಲ್ಲ ಕಾಯಿಗಳನ್ನೂ ಮನೆಗೆ ತಂದು ಹೊರಗೆ ತೆಗೆಯುವುದು. ಒಬ್ಬರಿಂದ ಒಬ್ಬರಿಗೆ ಹಬ್ಬಿ, ಈಗ ಮಳೆಗಾಲದ ಒಂದು ಭಾನುವಾರ ಯಾರದಾದರೂ ಮನೆಯ ಜಗಲಿಯಲ್ಲಿ ಟೂರ್ನಿ ನಡೆಯುತ್ತದೆ. ಮಧ್ಯಾಹ್ನ ಕಡುಂಬುಟ್ಟು, ಕಣಿಲೆ ಪಲ್ಯ. ದಿನ ಹೊಂದಿಬಂದರೆ ಮದ್ದುಸೊಪ್ಪಿನ ಪಾಯಸ.

ಸ್ವಿಸ್ ಪದ್ಧತಿ ನಮಗೆ ಒಗ್ಗಿದ್ದಕ್ಕೂ ಮಳೆಯೇ ಕಾರಣ. 1895ರಲ್ಲಿ ಜ್ಯೂರಿಚ್‌ನ ಚೆಸ್ ಟೂರ್ನಿಯಲ್ಲಿ ಬಳಕೆಗೆ ಬಂದ ಪದ್ಧತಿ ಇದು. ಯಾರೂ ಮೊದಲ ಸೋಲಿಗೇ ಎದ್ದುಹೋಗಬೇಕಿಲ್ಲ. ಕುಟ್ಟದಿಂದಲೋ ಶನಿವಾರಸಂತೆಯಿಂದಲೋ ಅಂಥ ಮಳೆಯಲ್ಲಿ ಮಡಿಕೇರಿವರೆಗೆ ಬಂದವರನ್ನು ಒಂದು ಗಂಟೆಗೆ ವಾಪಸು ಕಳಿಸುವುದು ಯಾರಿಗೂ ಇಷ್ಟವಿಲ್ಲ.

ನಾನು ಆಡಿದ ಒಂದು ಟೂರ್ನಿಯಲ್ಲಿ ಮೂರು ಗೆದ್ದ ನಾಲ್ವರನ್ನು ಪಾಯಿಂಟಿನ ಅಂತರದಿಂದ ವಿಂಗಡಿಸಿದರು. ಪಂದ್ಯಗಳು ಏಳು ಪಾಯಿಂಟಿನವು, ಅಂದರೆ ಆಟದ ಮೇಲೆ ಆಟ ಆಡುತ್ತ ಏಳು ಪಾಯಿಂಟು ಮೊದಲು ಮುಟ್ಟಿದವರದು ಪಂದ್ಯ. ಗೆದ್ದ ಪಾಯಿಂಟುಗಳಲ್ಲಿ ಬಿಟ್ಟುಕೊಟ್ಟ ಪಾಯಿಂಟು ಕಳೆದು, ಹೆಚ್ಚು ಉಳಿದವರು ಮೇಲೆ. ವಿರಾಜಪೇಟೆ ಕಡೆಯ ಒಬ್ಬ ನರ್ಸ್ 7-6, 7-5, 7-6ರಿಂದ ಮೂರು ಗೆದ್ದು, ಒಂದನ್ನು 3-7ರಿಂದ ಸೋತಿದ್ದರು. ಅಂತರ ಸೊನ್ನೆ. ಮೇಲೆ ಬಂದವರಲ್ಲಿ ಒಬ್ಬರು 7-0, 7-1, 7-2ರಿಂದ ಗೆದ್ದು 6-7ರಿಂದ ಸೋತವರು. ಅಂತರ 17. ನರ್ಸ್‌ಗೆ ಏನೂ ಬರಲಿಲ್ಲ. “ಅಣ್ಣ, ಮೂರೂ ಪಂದ್ಯ ಕೊನೇವರೆಗೆ ಎಳೆದು ಎಳೆದು ಗೆದ್ದೆ. ಕಷ್ಟಪಟ್ಟು ಗೆದ್ದಿದ್ದಕ್ಕೇ ದಂಡವಾ?” ಎಂದು ಕೇಳಿದರು. ಆಯೋಜಕರು ನಿಯಮ ಮೊದಲೇ ಹೇಳಿದ್ದೆವಲ್ಲ ಎಂದರು. ಹೇಳಿದ್ದು ನಿಜ. ಆದರೆ ಮೊದಲೇ ಹೇಳಿದ ಮಾತ್ರಕ್ಕೆ ನಿಯಮ ನ್ಯಾಯವಾಗುತ್ತದೆಯೇ? 2019ರ ವಿಶ್ವಕಪ್ ಕ್ರಿಕೆಟ್ ಫೈನಲಿನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ 241ಕ್ಕೆ ಸಮವಾಗಿ, ಸೂಪರ್ ಓವರಿನಲ್ಲೂ 15ಕ್ಕೆ ಸಮವಾಗಿ, ಕೊನೆಗೆ ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ಆ ನಿಯಮವೂ ಪುಸ್ತಕದಲ್ಲಿ ಮೊದಲೇ ಇತ್ತು. ಕೆಲವೇ ತಿಂಗಳಲ್ಲಿ ಐಸಿಸಿ ಅದನ್ನು ಕೈಬಿಟ್ಟಿತು.

ಪಾಯಿಂಟಿನ ಅಂತರ ಬ್ಯಾಕ್‌ಗ್ಯಾಮನ್‌ನಲ್ಲಿ ಯಾಕೆ ಸಲ್ಲದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಜಗಳದ ಬೇರು ಇಲ್ಲಿದೆ. ಏಳು ಪಾಯಿಂಟಿನ ಪಂದ್ಯದಲ್ಲಿ ಆಟಗಾರರ ಗುರಿ ಏಳನ್ನು ಮೊದಲು ಮುಟ್ಟುವುದು. ಎಷ್ಟು ಅಂತರದಿಂದ ಎಂಬುದು ಆ ಗುರಿಯಲ್ಲಿಲ್ಲ. ಆಟದ ಜಾಣತನವೆಲ್ಲ ಆ ಒಂದು ಗುರಿಗೆ ತಕ್ಕಂತೆ ಬೆಳೆದುಬಂದಿದೆ.

ಒಂದು ಸನ್ನಿವೇಶ ನೋಡಿ. ನನ್ನದು 6, ಎದುರಾಳಿಯದು 5. ಒಬ್ಬರು ಗೆಲುವಿಗೆ ಒಂದು ಪಾಯಿಂಟಿನ ದೂರಕ್ಕೆ ಮೊದಲು ಬಂದಾಗ, ಮುಂದಿನ ಒಂದು ಆಟದಲ್ಲಿ ಡಬ್ಲಿಂಗ್ ಕ್ಯೂಬ್, ಅಂದರೆ ಆಟದ ಪಣ ಏರಿಸುವ ದಾಳದಂಥ ಗುರುತು, ಮುಟ್ಟುವಂತಿಲ್ಲ. ಅಮೆರಿಕದ ಆಟಗಾರ ಜಾನ್ ಕ್ರಾಫರ್ಡ್ ಹೆಸರಿನ ನಿಯಮ ಅದು. ಆ ಆಟ ಮುಗಿದಿದೆ ಎನ್ನೋಣ. ಇನ್ನು ಎದುರಾಳಿಗೆ ಕಳೆದುಕೊಳ್ಳಲು ಏನೂ ಇಲ್ಲ, ಸರದಿ ಬಂದ ತಕ್ಷಣ ಕ್ಯೂಬ್ ತಿರುಗಿಸಿ ಪಣವನ್ನು ದುಪ್ಪಟ್ಟು ಮಾಡುತ್ತಾರೆ. ನಾನು ಒಪ್ಪಿದರೆ ಈ ಆಟಕ್ಕೆ ಎರಡು ಪಾಯಿಂಟು, ಗೆದ್ದವರದೇ ಪಂದ್ಯ. ಬಿಟ್ಟುಕೊಟ್ಟರೆ ಅವರಿಗೆ ಒಂದು ಪಾಯಿಂಟು ಸೇರಿ 6-6, ಹೊಸ ಆಟ, ಅದನ್ನು ಗೆದ್ದವರದು ಪಂದ್ಯ. ಎರಡರಲ್ಲೂ ಒಂದೇ ಆಟ ಉಳಿದಿರುವುದು. ಹಾಗಾಗಿ ಮೊದಲ ದಾಳಗಳಲ್ಲಿ ಎದುರಾಳಿ ಕೂದಲೆಳೆಯಷ್ಟು ಮುಂದಾಗಿದ್ದರೂ ಬಿಟ್ಟುಕೊಟ್ಟು ಸಮಸಮ ಆಟಕ್ಕೆ ಹೋಗುವುದೇ ಸರಿಯಾದ ನಡೆ. ಪಳಗಿದ ಆಟಗಾರರೆಲ್ಲ ಹಾಗೇ ಮಾಡುತ್ತಾರೆ. ಆಮೇಲೆ ಗೆದ್ದರೆ ಫಲಿತಾಂಶ 7-6. ಇದು ಗೊತ್ತಿಲ್ಲದೆ ಒಪ್ಪಿಕೊಂಡು, ದಾಳ ಒಲಿದು ಗೆದ್ದವರದು 7-5. ಅಂತರದ ಲೆಕ್ಕದಲ್ಲಿ ತಪ್ಪು ನಡೆ ಇಟ್ಟವರು ಮೇಲೆ ಬಂದರು.

ಗ್ಯಾಮನ್ ವಿಷಯವೂ ಹೀಗೆಯೇ. ಎದುರಾಳಿ ಒಂದು ಕಾಯಿಯನ್ನೂ ಹೊರತೆಗೆಯುವ ಮೊದಲೇ ನಾನು ಎಲ್ಲ ತೆಗೆದರೆ ಗ್ಯಾಮನ್, ಪಾಯಿಂಟು ಎರಡರಷ್ಟು. 0-0ಯಲ್ಲಿ ಕ್ಯೂಬ್ ಎರಡಾಗಿ, ಮರಳಿ ನಾಲ್ಕಾಗಿ, ಆ ಆಟ ಗ್ಯಾಮನ್‌ನಲ್ಲಿ ಮುಗಿದರೆ ಎಂಟು ಪಾಯಿಂಟು, ಪಂದ್ಯವೇ ಮುಗಿಯಿತು. ಒಂದೇ ಆಟ, ಫಲಿತಾಂಶ 7-0. ಪಕ್ಕದ ಮಣೆಯಲ್ಲಿ ಇಬ್ಬರು ಸರಿಸಮಾನರು ಒಂದೊಂದೇ ಪಾಯಿಂಟಿಗೆ ಒಂದೂವರೆ ಗಂಟೆ ಕಾದಾಡಿ 7-6ಕ್ಕೆ ಬಂದಿರುತ್ತಾರೆ. ಮೊದಲನೆಯದರಲ್ಲಿ ಗೆದ್ದವರು ಎರಡನೆಯದರಲ್ಲಿ ಗೆದ್ದವರಿಗಿಂತ ಏಳು ಪಟ್ಟು ಚೆನ್ನಾಗಿ ಆಡಿದರು ಎಂದು ಯಾರಾದರೂ ಹೇಳಬಲ್ಲರೇ? ಇನ್ನು 6ಕ್ಕೆ ಬಂದು ನಿಂತವರಿಗೆ ಗ್ಯಾಮನ್‌ನಿಂದ ಏನೂ ಹೆಚ್ಚಿಲ್ಲ. ಅವರು ಕಾಯಿಗಳನ್ನು ಜೋಪಾನವಾಗಿ ಮನೆ ಸೇರಿಸುವುದನ್ನು ನೋಡಬೇಕು. ಏಳರಾಚೆಯ ಪಾಯಿಂಟನ್ನೂ ಎಣಿಸುತ್ತೇವೆ ಎಂದು ನಿಯಮ ಮಾಡಿದರೆ, ಅವರು ಗೆದ್ದ ಪಂದ್ಯವನ್ನು ಅಪಾಯಕ್ಕೊಡ್ಡಿ ಗ್ಯಾಮನ್ ಬೆನ್ನು ಹತ್ತುತ್ತಾರೆ. ಎಣಿಸದಿದ್ದರೂ ತಪ್ಪು, ಎಣಿಸಿದರೂ ತಪ್ಪು. ಅಳತೆಯೇ ಈ ಆಟದ್ದಲ್ಲ.

ಚೆಸ್‌ನಿಂದ ಬಂದ ಬುಕ್‌ಹೋಲ್ಟ್ಸ್ ಲೆಕ್ಕ ಇದಕ್ಕಿಂತ ಗೌರವದ್ದು. 1932ರಲ್ಲಿ ಬ್ರೂನೋ ಬುಕ್‌ಹೋಲ್ಟ್ಸ್ ಸೂಚಿಸಿದ್ದು. ನಾನು ಎದುರಿಸಿದ ಎಲ್ಲರ ಗೆಲುವುಗಳನ್ನು ಕೂಡಿಸುವುದು, ಮೊತ್ತ ದೊಡ್ಡದಿದ್ದರೆ ನನ್ನ ದಾರಿ ಕಠಿಣವಾಗಿತ್ತು ಎಂದರ್ಥ. ನನ್ನನ್ನು ಸೋಲಿಸಿದವರನ್ನು ಬಿಟ್ಟು, ನಾನು ಸೋಲಿಸಿದವರ ಗೆಲುವುಗಳನ್ನಷ್ಟೇ ಕೂಡಿಸುವ ಸೊನ್ನೆಬಾರ್ನ್-ಬರ್ಗರ್ ಲೆಕ್ಕವೂ ಇದೆ. ಚೆಸ್‌ನಲ್ಲಿ ಬಲ್ಲವರು ಬಹುತೇಕ ಗೆಲ್ಲುತ್ತಾರೆ, ಒಬ್ಬರ ಗೆಲುವಿನ ಸಂಖ್ಯೆ ಅವರ ಬಲವನ್ನು ತಕ್ಕಮಟ್ಟಿಗೆ ಹೇಳುತ್ತದೆ. ನಾಲ್ಕೇ ಸುತ್ತಿನ ಬ್ಯಾಕ್‌ಗ್ಯಾಮನ್‌ನಲ್ಲಿ ಹಾಗಿಲ್ಲ. ಮೊದಲ ಸುತ್ತಿನಲ್ಲಿ ನಾನು ಸೋಲಿಸಿದವರಿಗೆ ಆಮೇಲೆ ಮೂರು ಸುತ್ತಿನಲ್ಲೂ ದಾಳ ಕೈಕೊಟ್ಟರೆ ನನ್ನ ಮೊತ್ತ ಕುಸಿಯುತ್ತದೆ. ನನ್ನ ದಾಳದ ಅದೃಷ್ಟವನ್ನು ನಾನು ಒಪ್ಪಿಕೊಂಡೇ ಕೂತಿದ್ದೇನೆ. ಬೇರೆ ಮಣೆಯ ಮೇಲೆ ಬೇರೆಯವರು ಎಸೆದ ದಾಳವನ್ನೂ ನನ್ನ ಲೆಕ್ಕಕ್ಕೆ ಬರೆಯುವುದು ಅತಿಯಾಯಿತು. ಊಟ ಮುಗಿಸಿ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ ಎದುರಾಳಿಯಿಂದಲೂ ನನ್ನ ಸ್ಥಾನ ಇಳಿಯಬಹುದು.

ತಮ್ಮತಮ್ಮಲ್ಲಿ ಆಡಿದ ಪಂದ್ಯ ನೋಡೋಣ ಎನ್ನುವವರಿದ್ದಾರೆ. ಇಬ್ಬರೇ ಸಮವಾಗಿ, ಅವರಿಬ್ಬರೂ ಎದುರಾಗಿದ್ದರೆ ಅದು ಚೆನ್ನ. ನಾಲ್ವರಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ಎದುರಿಸಿಯೇ ಇರುವುದಿಲ್ಲ.

ಇಷ್ಟಾದ ಮೇಲೂ ನಮ್ಮ ಗುಂಪಿನ ನಿವೃತ್ತ ಮೇಷ್ಟ್ರ ಪ್ರಶ್ನೆ ಉಳಿಯುತ್ತದೆ. “ಕೊನೇ ಸುತ್ತಿನಲ್ಲಿ ಇಬ್ಬರೇ ಅಜೇಯರು ಕೂತಿರ್ತಾರೆ. ಅಲ್ಲಿ ಸೋತವರೇ ಎರಡನೆಯವರಲ್ವೇನಪ್ಪ?” ಮೇಷ್ಟ್ರು ಹಾಕಿ ಆಡಿದವರು, ಫೈನಲ್ ಎಂದರೆ ಅವರಿಗೆ ಫೈನಲೇ. ನಾನು ಅವರಿಗೆ ಹೇಳಿದೆ: ಮೇಷ್ಟ್ರೇ, ಆ ನಾಲ್ವರೂ ಸೋತಿರುವುದು ಒಂದೊಂದೇ ಪಂದ್ಯ. ಅಜೇಯರಾಗಿ ಉಳಿದವರಿಗೆ ಒಬ್ಬರು ನಾಲ್ಕನೆಯ ಸುತ್ತಿನಲ್ಲಿ ಸೋತರು, ಅದೇ ವ್ಯಕ್ತಿಗೆ ಇನ್ನೊಬ್ಬರು ಮೊದಲ ಸುತ್ತಿನಲ್ಲೇ ಸೋತಿರಬಹುದು. ಸೋಲಿನ ಗಡಿಯಾರ ನೋಡಿ ಬಹುಮಾನ ಕೊಡಬೇಕೆ?

ಇದನ್ನು ಮೊದಲು ಯೋಚಿಸಿದವರು ನಾವಲ್ಲ. ಲೂಯಿಸ್ ಕ್ಯಾರಲ್ ಹೆಸರಿನಿಂದ ಮಕ್ಕಳ ಕತೆ ಬರೆದ ಆಕ್ಸ್‌ಫರ್ಡ್‌ನ ಗಣಿತಜ್ಞ ಚಾರ್ಲ್ಸ್ ಡಾಡ್ಜ್‌ಸನ್ 1883ರಲ್ಲಿ ಲಾನ್ ಟೆನಿಸ್ ಟೂರ್ನಿಗಳ ಬಹುಮಾನ ಹಂಚಿಕೆಯ ಮೇಲೆ ಒಂದು ಕಿರುಹೊತ್ತಗೆಯನ್ನೇ ಬರೆದ. ನಾಕೌಟಿನಲ್ಲಿ ಮೊದಲನೆಯ ಬಹುಮಾನ ಸರಿಯಾದವರಿಗೆ ಹೋಗಬಹುದು, ಎರಡನೆಯದರ ವಿಷಯ ಹಾಗಲ್ಲ ಎಂಬುದು ಅವನ ಆಕ್ಷೇಪ. ಹದಿನಾರು ಜನರ ನಾಕೌಟ್ ತೆಗೆದುಕೊಳ್ಳಿ, ಬಲ್ಲವರೇ ಯಾವಾಗಲೂ ಗೆಲ್ಲುತ್ತಾರೆ ಎಂದೂ ಇಟ್ಟುಕೊಳ್ಳಿ. ಎರಡನೆಯ ಅತ್ಯುತ್ತಮ ಆಟಗಾರ ಫೈನಲ್ ತಲುಪಬೇಕಾದರೆ ಚೀಟಿ ಎತ್ತುವಾಗ ಮೊದಲನೆಯವನಿಲ್ಲದ ಅರ್ಧಕ್ಕೆ ಬೀಳಬೇಕು. ಉಳಿದ 15 ಜಾಗಗಳಲ್ಲಿ ಅಂಥವು 8. ಹೆಚ್ಚುಕಡಿಮೆ ಅರ್ಧದಷ್ಟು ಸಲ ಎರಡನೆಯ ಬಹುಮಾನ ಎರಡನೆಯವನಿಗೆ ಸಿಗುವುದೇ ಇಲ್ಲ. ದಾಳವಿಲ್ಲದ ಆಟದಲ್ಲೇ ಹೀಗೆ.

ಮೇಷ್ಟ್ರು ಮನಸ್ಸಿನಲ್ಲಿಟ್ಟುಕೊಂಡಿದ್ದ ಹಾಕಿಯ ಬಗ್ಗೆಯೂ ಒಂದು ಮಾತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬ ಇಂದು ನೂರಾರು ಒಕ್ಕಗಳ, ಅಂದರೆ ಮನೆತನಗಳ, ಹಬ್ಬವಾಗಿದೆ. ಅಷ್ಟು ತಂಡಗಳಿದ್ದಾಗ ನಾಕೌಟ್ ಬಿಟ್ಟು ಬೇರೆ ದಾರಿಯಿಲ್ಲ. ಅಲ್ಲಿ ಸಮವಾದರೆ ಶೂಟೌಟ್. ಸೋತವರು ಅತ್ತರೂ ಒಪ್ಪುತ್ತಾರೆ, ಯಾಕೆಂದರೆ ಅದೂ ಸ್ಟಿಕ್ಕು, ಚೆಂಡು, ಗೋಲ್‌ಕೀಪರ್. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟಾಗಲೂ ಹಾಗೆ, ಕಾಯಿ ಒಡೆದದ್ದು ಊರಿಗೇ ಕಾಣುತ್ತದೆ. ಸಮಬಲವನ್ನು ಮುರಿಯಲೇಬೇಕಾದರೆ ಆಟದಿಂದಲೇ ಮುರಿಯಬೇಕು. ಕಪ್ ಒಂದೇ ಇರುವುದರಿಂದ ಅದಕ್ಕೆ ಆ ಅಗತ್ಯವಿದೆ. ದುಡ್ಡಿಗೆ ಇಲ್ಲ. ದುಡ್ಡು ಭಾಗವಾಗುತ್ತದೆ.

ಈ ಒಂದು ಮಾತನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ. ಕಪ್ಪನ್ನೂ ದುಡ್ಡನ್ನೂ ಬೇರೆ ಮಾಡಿ. ನಮ್ಮದು ಪ್ರಾಯೋಜಕರಿಲ್ಲದ ಟೂರ್ನಿ. ತಲಾ 600 ರೂಪಾಯಿ ಪ್ರವೇಶ ಶುಲ್ಕ, ಹದಿನಾರು ಜನ ಸೇರಿದರೆ 9,600. ಊಟದ ಖರ್ಚು ಆ ಮನೆಯವರದು. ಅಂದರೆ ಬಹುಮಾನದ ಪ್ರತಿ ರೂಪಾಯಿ ಆಟಗಾರರದೇ. ಅದನ್ನು 50, 30, 20ರ ಪ್ರಮಾಣದಲ್ಲಿ ಹಂಚಿದರೆ 4,800, 2,880, 1,920. ಟೈ ಬ್ರೇಕರ್ ಹಾಕಿದರೆ ಮೂರು ಗೆದ್ದ ನಾಲ್ವರಲ್ಲಿ ಒಬ್ಬರಿಗೆ 2,880, ಒಬ್ಬರಿಗೆ 1,920, ಇಬ್ಬರಿಗೆ ಸೊನ್ನೆ. ಆ ಎರಡು ಬಹುಮಾನ ಕೂಡಿಸಿ ಸಮನಾಗಿ ಹಂಚಿದರೆ ತಲಾ 1,200. ಚೆಸ್ ಲೋಕದಲ್ಲಿ ನಡುದಾರಿಯೂ ಒಂದಿದೆ, ಗ್ರ್ಯಾಂಡ್‌ಮಾಸ್ಟರ್ ವ್ಲಾಸ್ತಿಮಿಲ್ ಹೋರ್ಟ್ ಹೆಸರಿನದು. ಅರ್ಧ ದುಡ್ಡನ್ನು ಸಮನಾಗಿ, ಇನ್ನರ್ಧವನ್ನು ಟೈ ಬ್ರೇಕರ್ ಕ್ರಮದಲ್ಲಿ ಹಂಚುವುದು. ನಮ್ಮ ನಾಲ್ವರಿಗೆ ಅದು 2,040, 1,560, 600, 600 ಆಗುತ್ತದೆ. ಟೈ ಬ್ರೇಕರ್ ನಂಬಲರ್ಹವಾಗಿದ್ದರೆ ಇದು ಒಳ್ಳೆಯ ರಾಜಿ. ನಂಬಿಕೆಗೆ ಅರ್ಹವಲ್ಲದ ಅಳತೆಗೆ ಅರ್ಧ ದುಡ್ಡನ್ನೂ ಯಾಕೆ ಒಪ್ಪಿಸಬೇಕು?

ನಾನು ಮುಂದಿಟ್ಟಿದ್ದು ಇನ್ನೂ ಸರಳ. ಸ್ಥಾನಕ್ಕೆ ಬಹುಮಾನ ಬೇಡ, ಗೆಲುವಿಗೆ ಇಡೋಣ. ನಾಲ್ಕು ಗೆದ್ದವರಿಗೆ ಕಪ್ ಮತ್ತು 4,800. ಮೂರು ಗೆದ್ದ ಪ್ರತಿಯೊಬ್ಬರಿಗೂ 1,200. ಬೋರ್ಡಿನ ಮೇಲೆ ಎರಡನೆಯದು, ಮೂರನೆಯದು ಎಂಬ ಮಾತೇ ಇರುವುದಿಲ್ಲ, ಹಾಗಾಗಿ ಮುರಿಯಲು ಟೈ ಕೂಡ ಇಲ್ಲ. ಬೆಳಿಗ್ಗೆ ಕೂರುವಾಗಲೇ ಪ್ರತಿಯೊಬ್ಬರಿಗೂ ತಾನು ಎಷ್ಟು ಗೆದ್ದರೆ ಎಷ್ಟು ಎಂಬುದು ಗೊತ್ತು. ಬೇರೆ ಮಣೆಯತ್ತ ಕತ್ತು ಚಾಚಬೇಕಿಲ್ಲ.

ಲೆಕ್ಕ ಹಾಕುತ್ತ ಹೋದಾಗ ಇದರ ಇನ್ನೊಂದು ಗುಣ ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಕೊನೆಯ ಸುತ್ತಿಗೆ ಮೊದಲು ಇಬ್ಬರು ಆಟಗಾರರು “ಯಾರು ಗೆದ್ದರೂ ಅರ್ಧರ್ಧ” ಎಂದು ಒಪ್ಪಂದ ಮಾಡಿಕೊಳ್ಳುವುದು ಬ್ಯಾಕ್‌ಗ್ಯಾಮನ್‌ನಲ್ಲಿ ಹಳೆಯ ರೂಢಿ. ಪಾಯಿಂಟಿನ ಅಂತರ ಎಣಿಸುವಲ್ಲಿ ಇದು ಅಪಾಯ. ಇಬ್ಬರು ಗೆಳೆಯರು ಮನಸ್ಸು ಮಾಡಿ 7-0 ಮಾಡಿಕೊಂಡರೆ ಪಕ್ಕದ ಮಣೆಯಲ್ಲಿ ಪ್ರಾಮಾಣಿಕವಾಗಿ 7-6ರಿಂದ ಗೆದ್ದವರ ಬಹುಮಾನ ಹೋಗುತ್ತದೆ. ಗೆಲುವಿಗೆ ಬಹುಮಾನವಿದ್ದರೆ ಪ್ರತಿ ಮಣೆಗೂ ಬರುವ ದುಡ್ಡು ಮೊದಲೇ ನಿಗದಿ. ಮೂರು ಗೆದ್ದ ಇಬ್ಬರು ಕೂತ ಮಣೆಗೆ 4,800ಕ್ಕೆ 1,200 ಸೇರಿ 6,000. ಎರಡು ಗೆದ್ದವರು ಕೂತ ಮೂರು ಮಣೆಗಳಿಗೆ ತಲಾ 1,200. ಒಟ್ಟು 9,600. ಯಾರು ಗೆದ್ದರೂ, ಅವರೊಳಗೆ ಏನೇ ಮಾತಾದರೂ ಮೂರನೆಯವರ ಜೇಬಿಗೆ ಕೈ ಹೋಗುವುದಿಲ್ಲ. ಯಾರನ್ನೂ ಅನುಮಾನದಿಂದ ನೋಡಬೇಕಾಗಿಲ್ಲದ ಏರ್ಪಾಡು ಗೆಳೆಯರ ಗುಂಪಿಗೆ ಎಷ್ಟು ಮುಖ್ಯ ಎಂಬುದು ಒಮ್ಮೆ ಜಗಳ ನೋಡಿದವರಿಗೆ ಗೊತ್ತು.

ಇನ್ನೊಂದು ಸುತ್ತು ಆಡಿಸಿದರೆ ಎಲ್ಲ ಇತ್ಯರ್ಥವಾಗುತ್ತದೆ ಎನ್ನುವವರಿಗೆ ಉತ್ತರವೂ ಆ ಮೇರುವಿನಲ್ಲೇ ಇದೆ. ನಾಲ್ಕು ಸುತ್ತಿಗೆ ಅಜೇಯರು ಒಬ್ಬರೇ. ಐದನೆಯದರಲ್ಲಿ ಅವರು ಮೂರು ಗೆದ್ದ ಯಾರಿಗಾದರೂ ಸೋತರೆ ನಾಲ್ಕು ಗೆದ್ದವರು ಇಬ್ಬರಾದರು, ಮೂರು ಗೆದ್ದ ಇನ್ನಿಬ್ಬರು ಒಬ್ಬರನ್ನೊಬ್ಬರು ಎದುರಿಸಿದಾಗ ಮೂರನೆಯವರೂ ಬಂದರು. ಇಲ್ಲದ ಟೈ ಹುಟ್ಟಿತು. ಎಂಟು ಜನಕ್ಕೆ ಮೂರು ಸುತ್ತು, ಹದಿನಾರಕ್ಕೆ ನಾಲ್ಕು, ಮೂವತ್ತೆರಡಕ್ಕೆ ಐದು. ಅಲ್ಲಿಗೆ ನಿಲ್ಲಿಸಬೇಕು.

ಕಷ್ಟವಿರುವುದು ಹದಿನಾರು ಜನ ಬರದಿದ್ದಾಗ. ಮಳೆಗೆ ಮರ ಬಿದ್ದು ರಸ್ತೆ ಕಟ್ಟಿ ಇಬ್ಬರು ಬರಲಿಲ್ಲ ಎಂದರೆ ಹದಿನಾಲ್ಕು. ಆಗ ಮೊದಲ ಸುತ್ತಿನಲ್ಲಿ ಗೆದ್ದವರು ಏಳು, ಒಬ್ಬರನ್ನು ಸೋತವರೊಂದಿಗೆ ಕೂರಿಸಬೇಕು. ಹೀಗೆ ಕೆಳಗಿನವರೊಂದಿಗೆ ಕೂರಿಸುತ್ತ ಹೋದಾಗ ನಾಲ್ಕು ಸುತ್ತಿನ ಕೊನೆಗೆ ಅಜೇಯರು ಯಾರೂ ಉಳಿಯದೆಯೂ ಇರಬಹುದು. ಅದಕ್ಕೆ ಈ ಸಲದ ನಿಯಮಗಳ ಹಾಳೆಯಲ್ಲಿ ರೂಪಾಯಿಯ ಬದಲು ಪಾಲು ಬರೆದಿದ್ದೇವೆ: ಒಟ್ಟು ಸೇರಿದ್ದರಲ್ಲಿ ಅರ್ಧ ಅಜೇಯರಿಗೆ, ಅರ್ಧ ಒಂದೇ ಸೋತವರಿಗೆ ಸಮನಾಗಿ. ಅಜೇಯರಿಲ್ಲದಿದ್ದರೆ ಪೂರ್ತಿ ದುಡ್ಡು ಒಂದೇ ಸೋತವರಿಗೆ ಸಮನಾಗಿ. ಆಗ ಕಪ್ಪಿಗೆ ಮಾತ್ರ ಅವರೊಳಗೆ ಒಂದೊಂದು ಪಾಯಿಂಟಿನ ಆಟ, ಕ್ಯೂಬ್ ಇಲ್ಲದೆ. ಅದು ಬೇಗ ಮುಗಿಯುತ್ತದೆ, ಕರೆಂಟ್ ಹೋದರೂ ಎಮರ್ಜೆನ್ಸಿ ಲೈಟಿನಲ್ಲಿ ಆಡಬಹುದು. ಬಸ್ಸಿಗೆ ಹೊರಟವರು ಕಪ್ಪಿನ ಆಸೆ ಬಿಟ್ಟರೂ ಅವರ ದುಡ್ಡು ಅವರದೇ.

ಹದಿಮೂರಾದರೆ ಪ್ರತಿ ಸುತ್ತಿನಲ್ಲೂ ಒಬ್ಬರಿಗೆ ಬೈ ಬರುತ್ತದೆ, ಆಡದೆಯೇ ಒಂದು ಗೆಲುವು. ಆಡದ ಗೆಲುವಿಗೆ ಬೇರೆಯವರ ಶುಲ್ಕದಿಂದ ಪಾಲು ಕೊಡುವುದು ನನಗೆ ಹಿಡಿಸುವುದಿಲ್ಲ. ಬೈ ಬಂದವರಿಗೂ ಆ ಹೊತ್ತು ಸುಮ್ಮನೆ ಕೂರುವುದು ಬೇಸರವೇ. ಬೆಸ ಸಂಖ್ಯೆಯಾದ ದಿನ ನಾನೇ ಹದಿನಾಲ್ಕನೆಯವನಾಗಿ ಕೂರುತ್ತೇನೆ ಎಂದು ಹಾಳೆಯಲ್ಲಿ ಬರೆಸಿದ್ದೇನೆ. ಶುಲ್ಕವೂ ಇಲ್ಲ, ಪಾಲೂ ಇಲ್ಲ. ನಾನು ಮೂರು ಗೆದ್ದರೆ ಮೂರು ಗೆದ್ದ ಉಳಿದವರ ಲೆಕ್ಕದಲ್ಲಿ ನನ್ನನ್ನು ಎಣಿಸುವುದಿಲ್ಲ, ನಾಲ್ಕೂ ಗೆದ್ದರೆ ಅಜೇಯರಿಲ್ಲ ಎಂದೇ ಹಂಚುವುದು. ಮೇಷ್ಟ್ರು ಇದನ್ನು ಓದಿ, ತಮಗೆ ಮೊದಲ ಸುತ್ತಿನಲ್ಲೇ ನನ್ನ ಎದುರು ಚೀಟಿ ಬರಲಿ ಎಂದಿದ್ದಾರೆ.